ನಮ್ಮ ಎಂಪಿ ಆ ದಿನ ಎಲ್ಲಿದ್ದರು?

ಬಂದರಿನ ಹಿಂದಿನ ಬೀದಿಯಲ್ಲಿ ಒಬ್ಬಳು ದರ್ಜಿ ಇದ್ದಾಳೆ. ಊರಿನ ಅರ್ಧ ಜನರ ಅಳತೆ ಅವಳ ಪುಸ್ತಕದಲ್ಲಿದೆ. ಯಾರು ದಪ್ಪಗಾಗಿದ್ದಾರೆ, ದಪ್ಪಗಾಗಿಯೂ ಯಾರು ಒಪ್ಪುತ್ತಿಲ್ಲ ಎಂಬುದೆಲ್ಲ ಅವಳಿಗೆ ಗೊತ್ತು. ಗೊತ್ತಿಲ್ಲದಿರುವುದು ತನ್ನ ಗಂಡನ ಅಳತೆ ಮಾತ್ರ.

ಅವನು ಸರಕು ಹಡಗಿನಲ್ಲಿ ಅಡುಗೆಯವನು. ಎಂಟು ತಿಂಗಳೆಂದು ಹೋದವನು ಇಪ್ಪತ್ತು ತಿಂಗಳಾದರೂ ಬಂದಿಲ್ಲ. "ಬದಲಿ ಆಳು ಸಿಕ್ಕಿಲ್ಲ, ಇನ್ನೊಂದು ಸುತ್ತು ಮುಗಿಸಿ ಹೋಗು" ಎಂದು ಕಂಪನಿಯವರು ಪ್ರತಿ ಸಲ ಹೇಳುತ್ತಾರೆ. ಹಡಗು ದಡ ಕಂಡಾಗ ಫೋನ್ ಮಾಡುತ್ತಾನೆ. ಕಳೆದ ಸಲ, "ಪ್ಯಾಂಟು ಸೊಂಟದಲ್ಲಿ ನಿಲ್ತಾನೇ ಇಲ್ಲ ಕಣೇ" ಎಂದು ನಕ್ಕ. ಅವಳೂ ನಕ್ಕಳು. ಫೋನಿಟ್ಟ ಮೇಲೆ ಅರ್ಧ ಗಂಟೆ ಮಷಿನ್ ಮುಂದೆ ಸುಮ್ಮನೆ ಕೂತಿದ್ದಳು. ಎಷ್ಟು ಸೊರಗಿದ್ದಾನೋ! ಅವನು ಎದುರಿಗೆ ನಿಂತಿದ್ದರೆ ಟೇಪೇ ಬೇಕಿರಲಿಲ್ಲ, ಕೈಗೇ ತಿಳಿಯುತ್ತಿತ್ತು. ದಿನವಿಡೀ ಬೇರೆಯವರ ಹೆಗಲಳತೆ ತೆಗೆಯುವ ಅವಳಿಗೆ ಆ ಒಂದು ಹೆಗಲು ಬೇಕಿತ್ತು.

ನಾಲ್ಕು ವರ್ಷದ ಮಗಳು ಒಂದು ದಿನ ಕೇಳಿದಳು, "ಅಮ್ಮಾ, ಅಪ್ಪಂಗೆ ಕಾಲಿದೆಯಾ?" ಫೋನಿನಲ್ಲಿ ಮುಖ ಮಾತ್ರ ಕಂಡ ಮಗು, ಪಾಪ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

ಇಂಥ ಮನೆಗೂ ಒಂದು ಧೈರ್ಯವಿತ್ತು. ಅದು ಅವರ ಎಂಪಿ. ಪುರಸಭೆಯ ಸದಸ್ಯರಾಗಿ ಶುರುಮಾಡಿ, ಮೂರು ಸಲ ಸಂಸತ್ತಿಗೆ ಗೆದ್ದವರು. ಮದುವೆ, ಸಾವು, ಹೊಸ ಅಂಗಡಿ, ಯಾವುದಕ್ಕೆ ಕರೆದರೂ "ಬಂದೆ!" ಅನ್ನುತ್ತಿದ್ದರು, ಬಂದೂ ಬಿಡುತ್ತಿದ್ದರು. ಊರಿನವರು ಅವರಿಗಿಟ್ಟ ಹೆಸರೇ ಬಂದೆ ಸಾಹೇಬರು.

ಒಂದು ಬೆಳಿಗ್ಗೆ ಗ್ರಂಥಾಲಯದಲ್ಲಿ ಕೆಲಸ ಮಾಡುವ ಗೆಳತಿ ಕೋಟಿನ ಜಿಪ್ಪು ಬದಲಾಯಿಸಲು ಬಂದಳು.

"ಈ ಸಲ ಓಟು ಯಾರಿಗಕ್ಕಾ?"

"ಇನ್ಯಾರಿಗೆ? ಬಂದೆ ಸಾಹೇಬ್ರಿಗೆ. ಅಲ್ಲಿ ಫೋಟೋ ನೋಡು, ಈ ಅಂಗಡಿ ರಿಬ್ಬನ್ ಕತ್ತರಿಸಿದ್ದೇ ಅವರು."

"ಫೋಟೋ ಏನೋ ಚೆನ್ನಾಗಿದೆ. ಅವರು ಸಂಸತ್ತಿನಲ್ಲಿ ಯಾವುದಕ್ಕೆ ಹೌದು ಅಂದಿದ್ದಾರೆ, ಯಾವುದಕ್ಕೆ ಬೇಡ ಅಂದಿದ್ದಾರೆ, ಗೊತ್ತಾ?"

"ಅಯ್ಯೋ, ಅಷ್ಟು ದೂರದ್ದು ನಮಗೆ ಹೇಗೆ ಗೊತ್ತಾಗುತ್ತೆ?"

"ಹೆಸರು ಹಿಡಿದು ಬರೆದಿಟ್ಟಿರ್ತಾರೆ. ಮಧ್ಯಾಹ್ನ ಬಾ, ನಮ್ಮ ಕಂಪ್ಯೂಟರಿನಲ್ಲೇ ತೋರಿಸ್ತೀನಿ."

ಅತ್ತೆಗೆ ಇದು ಸುತರಾಂ ಇಷ್ಟವಾಗಲಿಲ್ಲ. "ನಮ್ಮ ಮನೆಗೆ ಬಂದು ಹೋದವರ ಜಾತಕ ತೆಗೆಯೋದಾ? ನಾಚಿಕೆ ಆಗಲ್ವಾ?" ಎಂದು ಗೊಣಗಿದರು. ಗೊಣಗುತ್ತಲೇ ಚಪ್ಪಲಿ ಮೆಟ್ಟಿ ಸೊಸೆಯ ಹಿಂದೆ ಹೊರಟರು.

ಗ್ರಂಥಾಲಯದಾಕೆ ಒಂದೊಂದಾಗಿ ಓದಿ ಹೇಳಿದಳು. ಸಾಹೇಬರು ಬಸುರಿ ಕೆಲಸಗಾರರ ಸಂಬಳದ ರಜೆಗೆ ಹೌದು ಅಂದಿದ್ದರು, ತಮ್ಮ ಪಕ್ಷದ ಬಹಳ ಜನ ಬೇಡ ಅಂದಾಗಲೂ.

"ನೋಡು, ನಾನು ಹೇಳ್ಲಿಲ್ವಾ?" ಎಂದು ಅತ್ತೆ ಎದೆ ಸೆಟೆಸಿದರು.

"ಒಳ್ಳೇದನ್ನೂ ನೋಡ್ಬೇಕಮ್ಮಾ, ಅದಕ್ಕೇ ಓದಿದ್ದು. ಆದ್ರೆ ಕೇಳಿ. ಹೆಸರು ಬರೆದು ಮತ ಹಾಕೋದು ನೂರ ನಲವತ್ತು ಸಲ ಇತ್ತು. ಸಾಹೇಬ್ರು ಹಾಕಿದ್ದು ಐವತ್ತೆರಡು ಸಲ. ಉಳಿದದ್ದಕ್ಕೆಲ್ಲ ಗೈರು." ಅವಳು ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟಳು. "ಇದು ಹಡಗಿನ ನೌಕರರ ಮಸೂದೆ. ಒಪ್ಪಂದದ ದಿನ ಮುಗಿದ ಮೇಲೆ ಕಂಪನಿ ತನ್ನ ಖರ್ಚಲ್ಲೇ ಅವರನ್ನ ಮನೆಗೆ ಕಳಿಸ್ಲೇಬೇಕು, ಒಂದು ವಾರನೂ ಜಾಸ್ತಿ ಇಟ್ಕೊಳ್ಳೋ ಹಾಗಿಲ್ಲ ಅಂತ. ನಾಲ್ಕು ಮತದಿಂದ ಬಿದ್ದೋಯ್ತು. ಗೈರಾದವರು ಹನ್ನೊಂದು ಜನ. ಅದರಲ್ಲಿ ನಮ್ಮವರೂ ಒಬ್ಬರು."

"ಯಾವತ್ತು?" ದರ್ಜಿ ಕೇಳಿದಳು.

"ಹೋದ ವರ್ಷ ಮಾರ್ಚ್ ಹನ್ನೆರಡು."

ದರ್ಜಿ ಆ ತಾರೀಖನ್ನು ಇನ್ನೊಮ್ಮೆ ನೋಡಿದಳು. "ಅವತ್ತು ಅವರೆಲ್ಲಿದ್ರು ಅಂತ ನನಗ್ಗೊತ್ತು. ನನ್ನ ಅಂಗಡೀಲಿದ್ರು."

ಅಂಗಡಿಯ ಉದ್ಘಾಟನೆಗೆ ಕರೆದಾಗ ಸಾಹೇಬರು ಫೋನಿನಲ್ಲಿ, "ಅಲ್ಲಿ ಸ್ವಲ್ಪ ಕೆಲಸ ಇತ್ತಲ್ಲಮ್ಮಾ" ಎಂದು ರಾಗ ಎಳೆದಿದ್ದರು. ಅವಳೇ ಹಟ ಹಿಡಿದಿದ್ದಳು, "ನೀವು ಬರದಿದ್ರೆ ನಾನು ಬಾಗಿಲೇ ತೆಗೆಯಲ್ಲ" ಎಂದು. ಗಂಡ ಮನೆಗೆ ಬರಲು ದಾರಿ ಮಾಡಬೇಕಿದ್ದವರನ್ನು ತಾನೇ ಕೈ ಹಿಡಿದು ಇತ್ತ ಎಳೆದುಕೊಂಡಿದ್ದಳು. ಅವಳು ಅಲ್ಲೇ ಅತ್ತಳು.

"ನೀನೊಬ್ಬಳೇ ಅಲ್ಲಕ್ಕಾ, ನಾವೆಲ್ಲ ಹಾಗೇ ಕರೆದಿದ್ದೀವಿ" ಎಂದಳು ಗೆಳತಿ. "ಮಸೂದೆ ಮುಂದಿನ ತಿಂಗಳು ಇಪ್ಪತ್ತಕ್ಕೆ ಮತ್ತೆ ಬರುತ್ತೆ."

ಅತ್ತೆ, ಸೊಸೆ ಮುಖ ಮುಖ ನೋಡಿಕೊಂಡರು. ಊರಿನ ಶಾಲೆಯ ಹೊಸ ಕೋಣೆ ಉದ್ಘಾಟನೆಗೆ ಮಕ್ಕಳ ತಾಯಂದಿರೆಲ್ಲ ಸೇರಿ ಸಾಹೇಬರನ್ನು ಕರೆದಿದ್ದುದು ಇಪ್ಪತ್ತನೇ ತಾರೀಖಿಗೇ.

"ಬರಬೇಡಿ ಅಂತ ಹೇಳಿ ಬರೋಣ ಅತ್ತೆ."

"ಕರೆದವರನ್ನ ಬೇಡ ಅನ್ನೋದಾ? ಮುಖ ಎಲ್ಲಿಟ್ಕೊಳ್ಳೋದು?" ಎಂದರು. ಆಮೇಲೆ ಮೆಲ್ಲಗೆ, "ನನ್ನ ಮಗನ್ನ ನೋಡಿ ಎಷ್ಟು ದಿನ ಆಯ್ತು... ನಡಿ, ಮಾತು ನಾನೇ ಶುರು ಮಾಡ್ತೀನಿ" ಎಂದರು.

ಶಾಲೆಯ ತಾಯಂದಿರನ್ನೂ ಸೇರಿಸಿಕೊಂಡು ಹನ್ನೆರಡು ಹೆಂಗಸರು ಸಾಹೇಬರ ಕಚೇರಿಗೆ ಹೋದರು. ವಿಷಯ ಕೇಳಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಬನ್ನಿ ಅನ್ನೋರೇ ಎಲ್ಲ. ಬರಬೇಡಿ ಅಂತ ಹೇಳೋಕೆ ಬಂದವರು ನೀವೇ ಮೊದಲು. ಆದ್ರೆ ತಾಯೀ, ತಪ್ಪೆಲ್ಲ ನಂದೇನಾ? ಒಂದು ಸಾವಿನ ಮನೆಗೆ ಹೋಗ್ಲಿಲ್ಲ ಅಂತ ಹೋದ ಚುನಾವಣೇಲಿ ಒಂದು ಬೀದಿಗೆ ಬೀದಿಯೇ ನನ್ನ ಕೈಬಿಡ್ತು. ಸಂಸತ್ತಲ್ಲಿ ಮತ ಹಾಕಿದ್ರಾ ಅಂತ ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ."

"ಇನ್ಮೇಲೆ ಕೇಳ್ತೀವಿ ಸಾಹೇಬ್ರೇ" ಎಂದಳು ದರ್ಜಿ. "ನೀವು ನಮ್ಮೂರಿಗೆ ಬಂದ್ರೆ ಒಂದು ಫೋಟೋ ಸಿಗುತ್ತೆ. ಅಲ್ಲಿಗೆ ಹೋದ್ರೆ ನನ್ನ ಮಗಳಿಗೆ ಅಪ್ಪ ಸಿಗ್ತಾನೆ. ದಯವಿಟ್ಟು ಹೋಗಿ."

ಸಾಹೇಬರು ಹೋದರು. ಹೌದು ಎಂದು ಮತ ಹಾಕಿದರು. ಈ ಸಲ ಮಸೂದೆ ಆರು ಮತದಿಂದ ಗೆದ್ದಿತು. ಶಾಲೆಯ ಕೋಣೆಯ ರಿಬ್ಬನ್ ಕತ್ತರಿಸಿದವರು ಅತ್ತೆ. ಭಾಷಣ ಮಾಡಿ ಎಂದರೆ "ಬಿಸಿಲಾಗ್ತಿದೆ, ಮಕ್ಕಳನ್ನ ಒಳಗೆ ಕೂರಿಸಿ" ಎಂದಷ್ಟೇ ಹೇಳಿದರು. ಊರಿನಲ್ಲಿ ಅಷ್ಟು ಒಳ್ಳೆಯ ಭಾಷಣ ಯಾರೂ ಕೇಳಿರಲಿಲ್ಲ.

ಗಂಡ ಇನ್ನೂ ಬಂದಿಲ್ಲ. ಕಾಯಿದೆ ಜಾರಿಗೆ ಬಂದ ಮೇಲೆ, ನವೆಂಬರ್ ಒಂಬತ್ತಕ್ಕೆ ಕಳಿಸುತ್ತೇವೆ ಎಂದು ಕಂಪನಿ ಬರೆದು ಕೊಟ್ಟಿದೆ. ದರ್ಜಿ ಈಗಲೂ ಕಾಯುತ್ತಾಳೆ, ಮೊದಲಿಗಿಂತ ಹೆಚ್ಚೇ ಕಾಯುತ್ತಾಳೆ. ಆದರೆ ಈಗ ಅವಳ ಕಾಯುವಿಕೆಗೆ ಒಂದು ತಾರೀಖಿದೆ.

ಓದುಗರೇ, ನಿಮ್ಮ ಮನೆಯಲ್ಲೂ ಏನಾದರೊಂದಕ್ಕೆ ಕಾಯುತ್ತಿರಬಹುದು. ಅದಕ್ಕೆ ಸಂಬಂಧಪಟ್ಟ ಮಾತು ಸಂಸತ್ತಿನಲ್ಲಿ ಬಂದಿತ್ತೇ, ಆಗ ನಿಮ್ಮ ಎಂಪಿ ಏನೆಂದರು, ಅಲ್ಲಿ ಇದ್ದರೇ, ತಿಳಿದುಕೊಳ್ಳಿ. ನಿಮಗೆ ಓದಲು ಬಾರದಿದ್ದರೆ ಓದು ಬಲ್ಲವರನ್ನು ಕೇಳಿ, ಗ್ರಂಥಾಲಯದಲ್ಲಿ ವಿಚಾರಿಸಿ. ಓಟು ಹಾಕುವ ಮೊದಲು ಕೇಳಿ, ಹಾಕಿದ ಮೇಲೂ ಕೇಳುತ್ತಿರಿ. ಅವರು ನಿಮ್ಮ ಬಾಗಿಲಿಗೆ ಬಂದರೆ ಕೂರಿಸಿ, ನೀರು ಕೊಡಿ, ಮರ್ಯಾದೆಯಿಂದಲೇ ಒಂದು ಮಾತು ಕೇಳಿ: "ಇವತ್ತು ಅಲ್ಲಿ ನಿಮ್ಮ ಕುರ್ಚಿ ಖಾಲಿ ಇದೆಯಾ, ಸಾಹೇಬ್ರೇ?"