ಅಪ್ಪನ ಆನೆದಂತದ ಕತ್ತಿ

ಕಾಯಿಸಿದ ಸೂಜಿ ಕ್ಷೌರದ ಕತ್ತಿಯ ಹಿಡಿಯೊಳಗೆ ಬೆಣ್ಣೆಗೆ ಇಳಿದಂತೆ ಇಳಿಯಿತು, ಭುಸ್ಸೆಂದು ಉರಿ ಎದ್ದಿತು. ಜಗದೇವಪ್ಪ ಅದನ್ನು ನೆಲಕ್ಕೆ ತಿಕ್ಕಿ ಆರಿಸಿದವನೇ ತಮ್ಮ ಮಾಣಿಕಪ್ಪನ ಕಪಾಳಕ್ಕೆ ಬಾರಿಸಿದ.

"ಅಪ್ಪನ ಖರೇ ಕತ್ತಿ ಎಲ್ಲಿ ಇಟ್ಟೀ, ಹೇಳು!"

"ಇದೇ ಅದಣ್ಣಾ. ಬೀರಪ್ಪನ ಆಣಿ!"

ಅಂದು ಖಂಡೆ ಪೂಜೆ, ಆಯುಧಗಳನ್ನು ಪೂಜಿಸುವ ಹಬ್ಬ. ತುರೋರಿಯ ಜಗದೇವಪ್ಪನ ಕ್ಷೌರದಂಗಡಿಯಲ್ಲಿ ಹತ್ಯಾರಗಳಿಗೆಲ್ಲ ಭಂಡಾರದ ಅರಿಶಿನ ಹಚ್ಚಿ, ಅಪ್ಪನ ಕತ್ತಿಯನ್ನು ನಡುವೆ ಇಡುವುದು ಹಿರಿಮಗನ ಹಕ್ಕು. ನವಾಬ ಕೊಟ್ಟ ಆನೆದಂತದ ಹಿಡಿ ಎಂದು ಅಪ್ಪ ಊರೆಲ್ಲ ಹೇಳಿಕೊಂಡಿದ್ದ. ಭೂಕಂಪದಲ್ಲಿ ಅವನು ಸತ್ತಾಗ ಮಣ್ಣು ಬಗೆದು ಅದನ್ನು ತೆಗೆದವನು ಮಾಣಿಕಪ್ಪ. ಇಷ್ಟು ವರ್ಷ ಔರಾದ ಶಹಾಜನಿಯ ತನ್ನ ಕ್ಷೌರದಂಗಡಿಯಲ್ಲಿಟ್ಟುಕೊಂಡು, ಈಗ ತಂದು ಕೊಟ್ಟಿದ್ದ. ಹೆದ್ದಾರಿಯ ಗಿರಾಕಿಯೊಬ್ಬ ದಂತಕ್ಕೆ ಬಿಸಿ ಸೂಜಿ ಇಳಿಯುವುದಿಲ್ಲ ಎಂದಿದ್ದೇ ತಡ, ತಮ್ಮ ಕತ್ತಿ ಬದಲಿಸಿದನೇ ಎಂಬ ಹುಳ ಜಗದೇವಪ್ಪನ ತಲೆ ಹೊಕ್ಕಿತು.

ಮಾಣಿಕಪ್ಪ ತಿರುಗಿ ಅಣ್ಣನನ್ನು ಕನ್ನಡಿಗೆ ನೂಕಿದ. ಕನ್ನಡಿ ಪುಡಿಯಾಯಿತು, ಜಗದೇವಪ್ಪನ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಅವನು ತಮ್ಮನನ್ನು ಕೆಡವಿ, ಎದೆಯ ಮೇಲೆ ಮೊಣಕಾಲೂರಿ, ಅದೇ ಕತ್ತಿ ಬಿಚ್ಚಿ ಗಂಟಲಿಗೆ ಬೀಸಿದ. ಮಾಣಿಕಪ್ಪ ಬಲಗೈ ಅಡ್ಡ ಹಿಡಿದ. ಅಲಗು ಮೂರು ಬೆರಳುಗಳ ನರ ಕೊಯ್ದು ಎಲುಬಿಗೆ ಕರಕರ ತಾಗಿತು. ಅವನ ಚೀರಾಟಕ್ಕೆ ರಸ್ತೆಯ ಲಾರಿಗಳೂ ನಿಂತವು.

ತಾಯಿ ಮಲಕಮ್ಮ ಓಡಿ ಬಂದು ಸಣ್ಣ ಮಗನ ಕೈಯನ್ನು ಸೆರಗಿನಲ್ಲಿ ಸುತ್ತಿದಳು.

"ಅದು ಎಂದೂ ದಂತ ಇರಲಿಲ್ಲೋ ಹಾಟ್ಯಾ! ಉದಗೀರ ಬಜಾರದಾಗ ನನ್ನ ಮುಂದನ ತಗೊಂಡಾನ ನಿಮ್ಮಪ್ಪ. ಬಾಚಣಿಕಿ ಮಾಡೋ ಸೆಲ್ಯುಲಾಯ್ಡ ಅದು, ದಂತದಂಥ ಗೆರಿ ಸುದ್ದಾ ಅದಕ್ಕ ಎಳದೇ ಬರ್ತಾವ. ಮಂದಿ ಮುಂದ ಆನಿ ಹಲ್ಲ ಅಂದಾ, ಗಂಡನ ಮಾನ ಅಂತ ನಾನೂ ಹೂಂ ಅಂದೆ."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಉಮರ್ಗಾದ ಡಾಕ್ಟರು ಹೊಲಿದರು. ಬೆರಳು ಮಡಚಲಿಲ್ಲ. ಔರಾದಿನ ಅಂಗಡಿಗೆ ಬೀಗ ಬಿತ್ತು.

ಗಡ್ಡ ಬೆಳೆಸಿಕೊಂಡ ಮಾಣಿಕಪ್ಪ ಒಂದು ದಿನ ತಾಯಿಯನ್ನು ನೋಡಲು ಬಂದ. ಜಗದೇವಪ್ಪ ಗಿರಾಕಿಯನ್ನು ಎಬ್ಬಿಸಿ ಕುರ್ಚಿ ಒರೆಸಿದ.

"ಕುಂದ್ರೋ ತಮ್ಮಾ. ಇನ್ನ ಮ್ಯಾಲ ನಿನ್ನ ಗಡ್ಡಾ ನಾನೇ ಮಾಡ್ತೀನಿ."

ಮಾಣಿಕಪ್ಪ ಅಣ್ಣನ ಕೈಯನ್ನೇ ನೋಡಿದ.

"ಆ ಕೈ ಗಂಟಲ ತನಕ ಬಂದದ್ದು ಕಂಡೀನಣ್ಣಾ."

ರಸ್ತೆ ದಾಟಿ, ಎದುರಿನ ರೇವಣಪ್ಪನ ಕ್ಷೌರದಂಗಡಿಯಲ್ಲಿ ಕುಳಿತು, ಕಣ್ಣು ಮುಚ್ಚಿ ಅವನ ಕತ್ತಿಗೆ ಗಂಟಲೊಡ್ಡಿದ. ತುರೋರಿಯೆಲ್ಲ ನೋಡುತ್ತಿತ್ತು, ಜಗದೇವಪ್ಪನೂ ನೋಡಿದ.