ತೆರೆಯಬಾರದ ಬಾಗಿಲು

ಬೇಕರಿಯ ಮಾವ ಸಾಮಾನ್ಯ ಆಸಾಮಿಯಲ್ಲ. ನಲವತ್ತು ವರ್ಷದಲ್ಲಿ ಅವರು ಬೇಯಿಸಿದ ಬ್ರೆಡ್ಡನ್ನು ಸಾಲಾಗಿ ಜೋಡಿಸಿದರೆ ಚಂದ್ರನವರೆಗೆ ನಡೆದುಹೋಗಿ, ಅಲ್ಲಿ ಸುಧಾರಿಸಿಕೊಂಡು ವಾಪಸು ಬರಬಹುದು. ಐದು ನಿಮಿಷಕ್ಕೊಮ್ಮೆ ಓವನ್ನಿನ ಬಾಗಿಲು ತೆಗೆದು ಬ್ರೆಡ್ಡಿನ ಬೆನ್ನು ತಟ್ಟದಿದ್ದರೆ ಅವರಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಎಂಟು ವರ್ಷ ಅಲ್ಲೇ ತಟ್ಟೆ ತೊಳೆದ ಅಳಿಯ ಈಗ ಫ್ರೆಂಚರ ಎಕ್ಲೇರ್ ಎಂಬ ಸಿಹಿತಿಂಡಿಗೆ ಕೈ ಹಾಕಿದ್ದ. ಅದೂ ಹೊಸ ನಮೂನೆ: ಒಳಗೆ ಕಿತ್ತಳೆ ಕ್ರೀಮು, ಮೇಲೆ ಚಾಕೊಲೇಟು, ಅದರ ಮೇಲೊಂದು ಚಿಟಿಕೆ ಕಾಳುಮೆಣಸು. ಬೆರಳುದ್ದದ ಆ ಹಿಟ್ಟು ತನ್ನ ಹಬೆಯಿಂದಲೇ ಉಬ್ಬಬೇಕು. ಮೇಲ್ಪದರ ಗಟ್ಟಿಯಾಗುವ ಮೊದಲು ಬಾಗಿಲು ತೆಗೆದರೋ, ಮುನಿಸಿಕೊಂಡ ಮಗುವಿನಂತೆ ಮಲಗಿಬಿಡುತ್ತದೆ. ಆಮೇಲೆ ಬ್ರಹ್ಮ ಬಂದರೂ ಏಳುವುದಿಲ್ಲ.

"ಒಳಗೆ ಬರೀ ಪೊಳ್ಳು. ಇದನ್ನ ತಿಂದೋರು ಮನೆಗೆ ಹೋಗಿ ಮತ್ತೆ ಊಟ ಮಾಡ್ಬೇಕು," ಎನ್ನುತ್ತಿದ್ದರು ಮಾವ.

ಆ ದಿನ ನಾಲ್ಕಕ್ಕೆ ದೊಡ್ಡ ಹೋಟೆಲಿನ ಮುಖ್ಯ ಅಡುಗೆಯವರು ರುಚಿ ನೋಡಲು ಬರುವವರಿದ್ದರು. ಒಪ್ಪಿದರೆ ಅವರಲ್ಲಿ ಕೆಲಸ. ಇಲ್ಲದಿದ್ದರೆ ಅದೇ ತಟ್ಟೆ, ಅದೇ ಸೋಪು. ಬೆಳಗಿನ ಎರಡು ತಟ್ಟೆ ಎಕ್ಲೇರನ್ನು ಮಾವ ಆಗಲೇ ಇಣುಕಿ ಇಣುಕಿ ಮಲಗಿಸಿದ್ದರು. ಉಳಿದದ್ದು ಒಂದೇ ತಟ್ಟೆಯ ಹಿಟ್ಟು. ಅಪ್ಪನಿಗೆ ನೇರವಾಗಿ ಹೇಳಿಬಿಡಿ ಎಂದು ಹೆಂಡತಿ ಎಷ್ಟು ತಿವಿದರೂ ಅಳಿಯನಿಗೆ ಬಾಯಿ ಬರಲಿಲ್ಲ. ಹೆಣ್ಣು ಕೊಟ್ಟು, ಸೂರು ಕೊಟ್ಟವರಿಗೆ ನಿಮ್ಮ ಕೈ ದೂರ ಇಡಿ ಎನ್ನುವುದು ಹೇಗೆ? ಕೊನೆಯ ತಟ್ಟೆಯನ್ನು ಒಳಗಿಟ್ಟು, ಓವನ್ನಿಗೆ ಬೆನ್ನು ಕೊಟ್ಟು ಕಾವಲುಗಾರನಂತೆ ನಿಂತ.

ಅಡುಗೆಯವರು ಅರ್ಧ ಗಂಟೆ ಮೊದಲೇ ಬಂದರು. ಬರಮಾಡಿಕೊಳ್ಳಲು ಅಳಿಯ ನಾಲ್ಕೇ ಹೆಜ್ಜೆ ಮುಂದೆ ಹೋದ. ಅಷ್ಟು ದೊಡ್ಡ ಮನುಷ್ಯ ತಮ್ಮ ಅಳಿಯನನ್ನು ಹುಡುಕಿಕೊಂಡು ಬಂದದ್ದು ಕಂಡು ಮಾವನ ಎದೆ ಎಕ್ಲೇರಿಗಿಂತ ಮೊದಲೇ ಉಬ್ಬಿತು.

"ನಮ್ಮ ಅಳಿಯಂದ್ರು ಅಂದ್ರೆ ಏನಂದ್ಕೊಂಡ್ರಿ? ಇಂಥ ಕೈ ನನಗೂ ಇರ್ಲಿಲ್ಲ. ಬನ್ನಿ, ಕಣ್ಣಾರೆ ನೋಡಿ."

ಎಂಟು ವರ್ಷ ಕಾದ ಮಾತು ಅಳಿಯನ ಕಿವಿಗೆ ಬೀಳುವುದಕ್ಕೂ ಮಾವ ಓವನ್ನಿನ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ಅವನಿಗೆ ಓಡಲೂ ಆಗಲಿಲ್ಲ, ಕೂಗಲೂ ಆಗಲಿಲ್ಲ. ಎಕ್ಲೇರುಗಳು ಒಂದೊಂದು ಸಾಲೇ ಕುಸಿದವು.

ಅಡುಗೆಯವರು ತಟ್ಟೆ ನೋಡಿದರು, ಅಳಿಯನನ್ನು ನೋಡಿದರು. "ನಿಮ್ಮಲ್ಲಿ ಹೀಗೇ ಮಧ್ಯದಲ್ಲಿ ತೆಗೆದು ನೋಡೋದಾ?"

ಮಾವನ ಮುಖ ಇನ್ನೂ ಬೆಳಗುತ್ತಲೇ ಇತ್ತು.

"ಹೌದು ಸರ್," ಎಂದ ಅಳಿಯ. "ತೆಗೀರಿ ಅಂತ ನಾನೇ ಹೇಳಿದ್ದೆ."

ಅಡುಗೆಯವರು ನೀರನ್ನೂ ಮುಟ್ಟದೆ ಹೋದರು. ಮಾವನಿಗೆ ಅಳಿಯನ ಸಪ್ಪೆ ಮುಖ ಕಂಡು ಕರುಳು ಚುರುಕ್ಕೆಂದಿತು. ಹೆಗಲ ಮೇಲೆ ಕೈ ಇಟ್ಟರು.

"ಹೋಗ್ಲಿ ಬಿಡಿ. ನಾಳೆ ಇನ್ನೊಂದು ಸಲ ಮಾಡಿ. ನಾನೇ ಪಕ್ಕದಲ್ಲಿ ನಿಂತು ಎರಡೆರಡು ನಿಮಿಷಕ್ಕೂ ತೆಗೆದು ನೋಡ್ತೀನಿ."

"ಆಗ್ಲಿ ಮಾವ," ಎಂದ ಅಳಿಯ.