ವಕೀಲರ ಫೀಸಿಗೆ ಹೋದ ಕೆಂದ ಹಸು

ಚಿಕ್ಕವೆಂಕಟಪ್ಪನ ಮೇಲಿದ್ದ ದನಗಳ್ಳತನದ ಕೇಸು ಬಂಗಾರಪೇಟೆ ಕೋರ್ಟಿನಲ್ಲಿ ವಜಾ ಆಗಿ ಎರಡು ತಿಂಗಳಾಗಿತ್ತು. ಅವನ ಕೆಂದ ಹಸು ಮಾತ್ರ ಇನ್ನೂ ವಕೀಲ ಸುಬ್ಬರಾಯಪ್ಪನವರ ಕೊಟ್ಟಿಗೆಯಲ್ಲೇ ಇತ್ತು. ಕೈಯಲ್ಲಿ ದುಡ್ಡಿಲ್ಲದೆ ಫೀಸಿಗೆ ಅದನ್ನೇ ಹೊಡೆದುಕೊಂಡು ಹೋಗಿ ಕೊಟ್ಟಿದ್ದ. ಬೆಳಗಿನ ರೈಲು ಹತ್ತಿ ಊರಿಗಾಂ ಗಣಿ ಲೈನಿನ ಮನೆಗಳಿಗೆ ಹಾಲು ಹಾಕುತ್ತಿದ್ದ ಮಗಳು ಸೊಣ್ಣಮ್ಮ ಅಂದಿನಿಂದ ಕೂಲಿಗೆ ಹೋಗುತ್ತಿದ್ದಳು.

ಚಿಕ್ಕವೆಂಕಟಪ್ಪ ಸರ್ಕಾರಿ ದೊಡ್ಡಿಯ ಕಾವಲಿನವನು. ಬೆಳೆಗೆ ನುಗ್ಗಿದ ದನ ಹಿಡಿದು ಕೂಡುವುದು, ದಂಡ ಕಟ್ಟಿದರೆ ಬಿಡುವುದು, ಯಾರೂ ಬಾರದಿದ್ದರೆ ಹರಾಜಿಗೆ ಹಾಕಿಸುವುದು ಅವನ ಕೆಲಸ. ತನ್ನ ಎತ್ತನ್ನು ದೊಡ್ಡಿಗೆ ಕೂಡಿದ ಸಿಟ್ಟಿಗೆ ಸಾಹುಕಾರ ಜಯರಾಮಪ್ಪ ಕಳ್ಳತನದ ದೂರು ಕೊಟ್ಟಿದ್ದ.

"ಸರ್ಕಾರದ ಕೆಲಸ ಮಾಡಿದ್ದಕ್ಕೆ ಬಂದ ಕೇಸು. ಫೀಸು ಸರ್ಕಾರವೇ ಕೊಡಲಿ ಅಂತ ಅರ್ಜಿ ಹಾಕು. ಅವರು ಎಷ್ಟು ಕೊಡ್ತಾರೋ ತಂದಿಡು, ಹಸು ಹೊಡ್ಕೊಂಡು ಹೋಗು" ಅಂದಿದ್ದರು ವಕೀಲರು. ದುಡ್ಡು ಮುಟ್ಟಿತೆಂದು ಸುಳ್ಳು ಬರೆಯಲು ಒಪ್ಪದೆ, 'ಫೀಸಿನ ಬಾಬ್ತು ಕೆಂದ ಹಸು ಒಂದು' ಎಂದೇ ರಸೀದಿ ಕೊಟ್ಟಿದ್ದರು.

ತಾಲ್ಲೂಕು ಕಚೇರಿಯ ಗುಮಾಸ್ತ ಕುಪ್ಪುಸ್ವಾಮಿ ರಸೀದಿ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನಯ್ಯಾ, ಖಜಾನೆಯೊಳಗೆ ನಾವೇನು ಹಸು ಕಟ್ಟಿದ್ದೀವಾ? ಇದರ ಬೆಲೆ ಕಟ್ಟಿದ್ದು ಯಾರು? ನೀನು ಸಾವಿರ ಅಂದ್ರೆ ಸಾವಿರ ಕೊಡಬೇಕಾ?"

ಮೂರು ಸಲ ಹಾಗೇ ಕಳಿಸಿದ. ಮೂರನೆಯ ಸಲ ಹಿಂದಿರುಗುವ ದಾರಿಯಲ್ಲಿ ಅಪ್ಪ, ಜೊತೆಗೆ ಬಂದಿದ್ದ ಸೊಣ್ಣಮ್ಮನಿಗೆ, "ಬುಡು ಮಗಾ, ಓಗ್ಲಿ. ಜೈಲು ತಪ್ತಲ್ಲ" ಅಂದ.

"ಓಗ್ಲಿ ಅನ್ನಕ್ಕೆ ಅದೇನು ಕೋಳಿಮರೀನಾ ಅಪ್ಪ?"

ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟ ಹುಡುಗಿ. ಗಂಡಸರೆದುರು ತಲೆ ಎತ್ತುತ್ತಿರಲಿಲ್ಲ. ಆದರೆ ಕಚೇರಿ ಬಾಗಿಲ ಕಂಬಕ್ಕೆ ಒರಗಿ ಮೂರು ದಿನವೂ ಎಲ್ಲ ನೋಡಿದ್ದಳು. ಬಾಯಿಮಾತನ್ನು ಕುಪ್ಪುಸ್ವಾಮಿ ನೊಣ ಓಡಿಸಿದಂತೆ ಓಡಿಸುತ್ತಿದ್ದ. ಕಾಗದದಲ್ಲಿ ಅಮಲ್ದಾರರ ರುಜು ಕಂಡರೆ ಮಾತ್ರ ನೆಟ್ಟಗೆ ಕೂರುತ್ತಿದ್ದ.

ನಾಲ್ಕನೆಯ ಸಲ ಅವಳು ಸೆರಗಿನಲ್ಲಿ ದೊಡ್ಡಿಯ ಹರಾಜು ಪುಸ್ತಕ ಸುತ್ತಿಕೊಂಡು ಬಂದಳು. ಅಪ್ಪನನ್ನು ಹಿಂದೆ ಬಿಟ್ಟು ಮೇಜಿನ ಹತ್ತಿರ ಹೋದಳು. ಹಾಳೆ ತೆರೆದು ಬೆರಳಿಟ್ಟಳು.

"ಓದ ವರ್ಸದ ಸರ್ಕಾರಿ ಅರಾಜು, ಸ್ವಾಮಿ. ಕೆಂದ ಅಸು ಒಂದು, ಎರಡನೇ ಸೂಲು, ನೂರ ಮೂವತ್ತು ರೂಪಾಯಿ. ನಮ್ದೂ ಎರಡನೇ ಸೂಲೇ. ಬೆಲೆ ಕಟ್ಟಿದ್ದು ನಾವಲ್ಲ, ಸರ್ಕಾರ. ಕೆಳಗೆ ಅಮಲ್ದಾರ್ರ ರುಜು ಐತೆ."

ಕುಪ್ಪುಸ್ವಾಮಿ ನೆಟ್ಟಗೆ ಕೂತ. "ಅಡಡಾ! ಈ ಹುಡುಗಿ ಇರುವಾಗ ವಕೀಲರಿಗೆ ಯಾಕಯ್ಯಾ ಹಸು ಕೊಟ್ಟೆ?" ಎಂದು ಅಪ್ಪನನ್ನು ಚುಚ್ಚಿ, ಅವಳತ್ತ ತಿರುಗಿದ. "ನಿಮ್ಮದು ಇದಕ್ಕಿಂತ ಬಡಕಲಾಗಿದ್ರೆ?"

"ಪಕ್ಕದ ಬೀದೀಲೇ ಐತೆ. ಬಂದು ನೋಡಿ ಸ್ವಾಮಿ."

ಮಧ್ಯಾಹ್ನ ಕಾಫಿಗೆ ಹೊರಟವನು ನಿಜವಾಗಿಯೂ ವಕೀಲರ ಕೊಟ್ಟಿಗೆ ಇಣುಕಿ ಬಂದ. "ನೂರೈವತ್ತಕ್ಕೆ ಮೋಸವಿಲ್ಲ. ಆದರೆ ಪುಸ್ತಕದಲ್ಲಿರೋದು ನೂರ ಮೂವತ್ತು, ಅಷ್ಟೇ ಬರೀತೀನಿ" ಅಂದ. ಅಮಲ್ದಾರರು ಸಹಿ ಹಾಕಿ ಮೇಲಕ್ಕೆ ಕಳಿಸಿದರು. ಯುಗಾದಿಗೆ ನಾಲ್ಕು ದಿನ ಇರುವಾಗ ಹಣ ಮಂಜೂರಾಗಿ ಬಂತು.

ಸುಬ್ಬರಾಯಪ್ಪನವರು ದುಡ್ಡು ಎಣಿಸಿಕೊಂಡು, ಹಸು ಬಿಚ್ಚಿಕೊಡಲು ಹೆಂಡತಿಗೆ ಹೇಳಿದರು. ಅಮ್ಮಾಜಮ್ಮ ಹಗ್ಗ ಹಿಡಿದು ನಿಂತೇ ಇದ್ದರು.

"ಇದರ ಹಾಲಿನ ಕಾಫಿಗೆ ಒಗ್ಗಿಹೋಗಿದ್ದೀವಲ್ಲೇ. ಇನ್ನೊಂದು ತಿಂಗಳು ಇಲ್ಲೇ ಇರಲಿ ಬಿಡು."

ಅಪ್ಪ ತಲೆಯಾಡಿಸಲು ಹೊರಟಿದ್ದ. ಸೊಣ್ಣಮ್ಮ ಮುಂದೆ ಬಂದಳು.

"ನಾಳೆಯಿಂದ ರೈಲು ಅತ್ತೋಕೆ ಮುಂಚೆ ಮೊದಲು ನಿಮ್ಮನೆಗೇ ಆಲು ಆಕ್ತೀನಿ, ಅಮ್ಮ. ಊರಿಗಾಂನೋರು ಕೊಡೋ ರೇಟೇ ಕೊಡಿ, ಜಾಸ್ತಿ ಬ್ಯಾಡ" ಎಂದು ನಗುತ್ತಾ ಹಗ್ಗಕ್ಕೆ ಕೈ ಹಾಕಿದಳು.

ಅಮ್ಮಾಜಮ್ಮನೂ ನಕ್ಕು ಹಗ್ಗ ಬಿಟ್ಟರು.